ಹಳೆಯ ರೇಡಿಯೋ, ಹೊಸ ಹಾಡು

ಅಮೆರಿಕದಲ್ಲಿ ನಲವತ್ತು-ಐವತ್ತರ ದಶಕದ ಕಾರುಗಳನ್ನು ಜೋಪಾನ ಮಾಡಿಟ್ಟುಕೊಂಡವರಿದ್ದಾರೆ. ಅವುಗಳ ವಾಲ್ವ್ ರೇಡಿಯೋದಲ್ಲಿ ಮೊಬೈಲಿನ ಹಾಡು ಕೇಳಬೇಕೆಂಬುದು ಇಂದು ಅವರ ಆಸೆ. ಆಸೆ ತಪ್ಪಲ್ಲ. ಆದರೆ ಕೆಲವರು ಒಳಗಿನ ವಾಲ್ವುಗಳನ್ನೆಲ್ಲ ಕಿತ್ತೆಸೆದು, ಹೊಸ ಯಂತ್ರ ತುರುಕಿ, ಮುಖವನ್ನಷ್ಟೇ ಹಳೆಯದಾಗಿ ಉಳಿಸುತ್ತಾರೆ. ಸೊಸೆ ಬಂದಳೆಂದು ಅತ್ತೆಯನ್ನು ಹೊರಗೆ ಕಳಿಸಿ, ಗೋಡೆಗೆ ಅವಳ ಫೋಟೋ ತೂಗುಹಾಕಿದ ಹಾಗೆ! ಇದನ್ನು ನಾನು ಒಪ್ಪಲಾರೆ.

ಬೇರೆ ದಾರಿಯಿದೆ. ಮೊಬೈಲಿನ ಎಡ-ಬಲ ಎರಡೂ ದನಿಗಳನ್ನು ರೆಸಿಸ್ಟರುಗಳ ಮೂಲಕ ಒಂದಾಗಿಸಿ, ನಡುವೆ ಒಂದು ಕೆಪಾಸಿಟರ್ ಇಟ್ಟು, ವಾಲ್ಯೂಮ್ ಗುಂಡಿಯ ಬಳಿ ಒಳಬಿಟ್ಟರೆ ಮುಂದಿನ ಕೆಲಸ ಹಳೆಯ ವಾಲ್ವುಗಳದ್ದೇ. ಬೇಡವೆನಿಸಿದರೆ ಬಿಚ್ಚಿಬಿಡಬಹುದು. ಒಳಗೆ 200 ವೋಲ್ಟಿನಷ್ಟು ವಿದ್ಯುತ್ ಹರಿಯುವುದರಿಂದ ಬಲ್ಲವರೇ ಕೈಹಾಕಬೇಕು, ಅಷ್ಟೆ.

ಇದೇನೂ ಹೊಸ ಸಂಪ್ರದಾಯವಲ್ಲ. 1956ರಲ್ಲೇ ಕ್ರೈಸ್ಲರ್ ಕಂಪನಿ ಕಾರಿನೊಳಗೆ ‘ಹೈವೇ ಹೈ-ಫೈ’ ಎಂಬ ಪುಟ್ಟ ಗ್ರಾಮಫೋನ್ ಇಟ್ಟಿತ್ತು. ಅದರ ಹಾಡು ಕೇಳಿಸುತ್ತಿದ್ದುದು ರೇಡಿಯೋದ ಮೂಲಕವೇ.

ವಾಲ್ವ್ ಕಾಯುವವರೆಗೆ ದನಿ ಹೊರಡದು. ಆ ಒಂದು ಕ್ಷಣ ಕಾಯುವ ತಾಳ್ಮೆಯೂ ಇಲ್ಲದಿದ್ದರೆ, ಹಳೆಯ ಕಾರನ್ನು ಉಳಿಸಿಕೊಂಡದ್ದಾದರೂ ಏತಕ್ಕೆ?