ಕೈಗೆ ಒಪ್ಪುವ ಮೌಸ್

ಉಪಕರಣವೊಂದರ ಯೋಗ್ಯತೆಯನ್ನು ನಿರ್ಣಯಿಸುವಾಗ ಅದರ ಸಾಮರ್ಥ್ಯವನ್ನು ಮೊದಲು ವಿಚಾರಿಸಬೇಕೋ, ಅದನ್ನು ಹಿಡಿಯುವ ಅಂಗದ ಸೌಖ್ಯವನ್ನು ಮೊದಲು ವಿಚಾರಿಸಬೇಕೋ ಎಂಬ ಪ್ರಶ್ನೆಗೆ, ಹಗಲೆಲ್ಲ ಕೆಲಸಕ್ಕಾಗಿಯೂ ಸಂಜೆ ಆಟಕ್ಕಾಗಿಯೂ ನಮ್ಮ ಕೈಯ ಕೆಳಗೆ ಇರತಕ್ಕ ಕಂಪ್ಯೂಟರ್ ಮೌಸಿನ ವಿಷಯದಲ್ಲಂತೂ ಉತ್ತರವು ಒಂದೇ: ಕೈ ಮೊದಲು, ಸಂಖ್ಯೆಗಳು ಆಮೇಲೆ. ಇಂದಿನ ಮಾರುಕಟ್ಟೆಯಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಸಾವಿರಾರು ಡಿಪಿಐ, ಬಣ್ಣಬಣ್ಣದ ದೀಪ, ಹನ್ನೆರಡು ಬಟನ್ನು ಎಂಬ ಘೋಷಣೆಗಳ ನಡುವೆ ಅಂಗೈಗೂ ಮೌಸಿನ ಬೆನ್ನಿಗೂ ಇರಬೇಕಾದ ಹೊಂದಾಣಿಕೆಯ ಮಾತು ಕೇಳಿಬರುವುದೇ ಅಪರೂಪವಾಗಿದೆ.

1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ ನಿರ್ಮಿಸಿದ ಮೊದಲನೆಯ ಮೌಸು ಮರದ ಒಂದು ಪೆಟ್ಟಿಗೆಯಾಗಿತ್ತು; ಅದರ ತಳದಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಚಕ್ರಗಳಿದ್ದವು. ಆಗ ಸಾಧಿಸಬೇಕಾಗಿದ್ದುದು ತತ್ತ್ವವಾದುದರಿಂದ ರೂಪದ ಚಿಂತೆ ಗೌಣವಾಗಿದ್ದಿತು. ಆದರೆ ಮೂವತ್ತನಾಲ್ಕು ವರ್ಷಗಳ ಬಳಿಕ, 1998ರಲ್ಲಿ, ಆಪಲ್ ಸಂಸ್ಥೆಯು ತನ್ನ ಐಮ್ಯಾಕ್ ಜೊತೆಗೆ ಕೊಟ್ಟ ದುಂಡನೆಯ ಮೌಸಿಗೆ ಆ ವಿನಾಯಿತಿ ಸಲ್ಲದು. ನೋಟಕ್ಕೆ ಅದು ರಮಣೀಯವಾಗಿತ್ತು. ಆದರೆ ಪೂರ್ಣ ವೃತ್ತಕ್ಕೆ ಮುಂದು ಹಿಂದು ಎಂಬುದಿಲ್ಲವಾದ ಕಾರಣ, ಪರದೆಯ ಮೇಲೆ ದೃಷ್ಟಿಯಿಟ್ಟವನ ಕೈಯಲ್ಲಿ ಅದು ತುಸು ತಿರುಗಿಕೊಂಡರೂ ಬೆರಳಿಗೆ ಅದರ ಅರಿವಾಗುತ್ತಿರಲಿಲ್ಲ, ಕೈ ನೇರವಾಗಿ ಸರಿದರೂ ಕರ್ಸರು ಓರೆಯಾಗಿ ಹೋಗುತ್ತಿತ್ತು. ಎರಡೇ ವರ್ಷಗಳಲ್ಲಿ ಆಪಲ್ ಅದನ್ನು ಕೈಬಿಟ್ಟಿತು. ಮೈಕ್ರೋಸಾಫ್ಟ್ 1999ರಲ್ಲಿ ತಂದ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಹಳೆಯ ಮೌಸುಗಳ ತಳದಲ್ಲಿ ಉರುಳುತ್ತಿದ್ದ ಗುಂಡಿನ ಬದಲು ಬೆಳಕಿನಿಂದ ಚಲನೆಯನ್ನು ಗುರುತಿಸುವ ವಿಧಾನವನ್ನು ಜನಪ್ರಿಯಗೊಳಿಸಿತು. ಅಂಗೈಯನ್ನು ತುಂಬುವ ಎತ್ತರದ ಬೆನ್ನನ್ನೂ ಹೆಬ್ಬೆರಳಿಗೆ ಆಶ್ರಯ ಕೊಡುವ ಬದಿಯನ್ನೂ ಅದರಲ್ಲಿ ಕಾಣುತ್ತೇವೆ. ಆ ಸಾಲಿನ 3.0 ಮಾದರಿಯ ಸೆನ್ಸರು ಹಳತಾಗಿ ಹೋದ ಮೇಲೂ ಅದರ ಆಕಾರವನ್ನು ಆಟಗಾರರು ಮರೆಯಲಿಲ್ಲ.

ಸಂಖ್ಯೆಗಳ ಮೋಹವನ್ನು ಬಿಡಿಸಿಕೊಳ್ಳಲು ಸರಳ ಗಣಿತವೇ ಸಾಕು. ಡಿಪಿಐ ಎಂದರೆ ಮೌಸು ಒಂದು ಅಂಗುಲ ಸರಿದಾಗ ಅದು ಎಣಿಸುವ ಹೆಜ್ಜೆಗಳ ಸಂಖ್ಯೆ. ಒಂದು ಹೆಜ್ಜೆಗೆ ಒಂದು ಪಿಕ್ಸೆಲ್ ಎಂಬಂತೆ ಇಟ್ಟುಕೊಂಡರೆ, 1920 ಪಿಕ್ಸೆಲ್ ಅಗಲದ ಪರದೆಯನ್ನು 800 ಡಿಪಿಐಯಲ್ಲಿ ದಾಟಲು ಕೈ 2.4 ಅಂಗುಲ ಚಲಿಸಬೇಕು, 1600ರಲ್ಲಿ 1.2 ಅಂಗುಲ. ಜಾಹೀರಾತುಗಳು ಹೊಗಳುವ 25,600ರಲ್ಲಿಯಾದರೋ ಎರಡು ಮಿಲಿಮೀಟರಿಗಿಂತ ಕಡಿಮೆ ಚಲನೆಯಲ್ಲಿಯೇ ಪರದೆಯು ಮುಗಿದುಹೋಗುತ್ತದೆ. ಯಾವ ಮನುಷ್ಯನ ಕೈ ಅಷ್ಟು ಸೂಕ್ಷ್ಮವಾಗಿ ಗುರಿಯಿಟ್ಟೀತು? ಕೌಂಟರ್‌ಸ್ಟ್ರೈಕಿನಂಥ ಆಟಗಳ ವೃತ್ತಿಪರರು ಸಾಮಾನ್ಯವಾಗಿ 400 ಅಥವಾ 800ಕ್ಕೆ ನಿಲ್ಲಿಸಿಕೊಂಡು, ಮಣಿಕಟ್ಟನ್ನಷ್ಟೇ ತಿರುಚದೆ ಮುಂಗೈಯನ್ನು ಪೂರ್ತಿ ಚಲಿಸುವುದು ಇದೇ ಕಾರಣದಿಂದ. ಪೋಲಿಂಗ್ ರೇಟಿನ ಪ್ರಶ್ನೆ ಇದಕ್ಕಿಂತ ಸಾರ್ಥಕವಾದುದು: 125 ಹರ್ಟ್ಸಿನ ಮೌಸು ತನ್ನ ಸ್ಥಾನವನ್ನು ಎಂಟು ಮಿಲಿಸೆಕೆಂಡಿಗೊಮ್ಮೆ ತಿಳಿಸಿದರೆ, 1000 ಹರ್ಟ್ಸಿನದು ಒಂದು ಮಿಲಿಸೆಕೆಂಡಿಗೊಮ್ಮೆ ತಿಳಿಸುತ್ತದೆ. ವೇಗದ ಆಟದಲ್ಲಿ ಈ ಅಂತರವು ಅನುಭವಕ್ಕೆ ಬರುವಂಥದು. ಅದರಾಚೆಗಿನ ದೊಡ್ಡ ಸಂಖ್ಯೆಗಳಿಗೆ ಸಾಮಾನ್ಯ ಬಳಕೆದಾರನು ಹಣ ತೆರಬೇಕಾಗಿಲ್ಲ.

ಹಾಗಾದರೆ ಪರೀಕ್ಷಿಸಬೇಕಾದುದೇನು? ಮೌಸನ್ನು ಹಿಡಿಯುವ ರೀತಿಗಳು ಮೂರು. ಅಂಗೈಯನ್ನು ಪೂರ್ತಿ ಒರಗಿಸುವವನಿಗೆ ಉದ್ದವಾದ, ಬೆನ್ನು ಉಬ್ಬಿದ ದೇಹ ಬೇಕು. ಬೆರಳುಗಳನ್ನು ಪಂಜದಂತೆ ಮಡಿಸುವವನಿಗೆ ಹಿಂಬದಿಯಲ್ಲಿ ಮಾತ್ರ ಆಸರೆ ಬೇಕು. ಬೆರಳ ತುದಿಗಳಿಂದಲೇ ನಡೆಸುವವನಿಗೆ ಚಿಕ್ಕದು, ಹಗುರವಾದುದು ಬೇಕು. ಬಲಗೈಯವರು ತಮ್ಮ ಉಂಗುರಬೆರಳನ್ನೂ ಕಿರುಬೆರಳನ್ನೂ ವಿಶೇಷವಾಗಿ ಗಮನಿಸತಕ್ಕದ್ದು: ಮೌಸು ಕಿರಿದಾಗಿದ್ದರೆ ಕಿರುಬೆರಳು ಮೇಜಿನ ಮೇಲೆ ಉಜ್ಜುತ್ತ ಸಾಗುತ್ತದೆ, ಮೌಸನ್ನು ಎತ್ತಿ ಮತ್ತೊಂದೆಡೆ ಇಡುವಾಗ ಬದಿಯಿಂದ ಹಿಡಿತ ಸಿಗದೆ ಹೆಬ್ಬೆರಳು ಬಿಗಿಯುತ್ತದೆ. ಹೀಗೆ ಕ್ಷಣಕ್ಷಣಕ್ಕೂ ಕೂಡಿಕೊಳ್ಳುವ ಬಿಗಿತವು ದಿನದ ಕೊನೆಗೆ ಮಣಿಕಟ್ಟಿನ ನೋವಾಗಿ ಕಾಣಿಸಿಕೊಳ್ಳುವುದು.

ಈ ಮಾನದಂಡದಿಂದ ಕೆಲವು ಪ್ರಸಿದ್ಧ ಮಾದರಿಗಳನ್ನು ತೂಗೋಣ. ಲಾಜಿಟೆಕ್ ಎಂಎಕ್ಸ್ ಮಾಸ್ಟರ್ 3 ಕಚೇರಿಗೆ ಉತ್ಕೃಷ್ಟವಾದುದು. ಸಾವಿರಾರು ಸಾಲುಗಳ ಲೆಕ್ಕಪತ್ರವನ್ನು ಅದರ ಚಕ್ರ ಒಂದೇ ತಿರುವಿಗೆ ದಾಟಿಸುತ್ತದೆ, ಹೆಬ್ಬೆರಳಿಗೆ ಅದು ಕೊಡುವ ವಿಶ್ರಾಂತಿ ಅನುಪಮವಾದುದು. ಆದರೆ 141 ಗ್ರಾಂ ತೂಕದ ಆ ದೇಹವನ್ನು ಶೀಘ್ರಗತಿಯ ಆಟದಲ್ಲಿ ಎತ್ತಿ ಇಳಿಸುವುದು ಆಯಾಸಕರ. ಅದೇ ಸಂಸ್ಥೆಯ ಎಂಎಕ್ಸ್ ವರ್ಟಿಕಲ್ 57 ಡಿಗ್ರಿ ಓರೆಯಾಗಿ ನಿಂತು ಮುಂಗೈಯ ತಿರುಚನ್ನು ತಗ್ಗಿಸುವುದರಿಂದ, ಆ ತಿರುಚಿನಿಂದ ಬಳಲುವವರು ಪರೀಕ್ಷಿಸಿ ನೋಡಲು ಅರ್ಹವಾಗಿದೆ. ಆದರೆ ಅದರ ಬಟನ್ನನ್ನು ಪಕ್ಕದಿಂದ ಒತ್ತಿದಾಗ ಮೌಸೂ ತುಸು ಜರುಗುವುದರಿಂದ ಗುರಿಯಿಡುವ ಆಟಕ್ಕೆ ಹೊಂದದು. ರೇಜರ್ ಡೆತ್‌ಆಡರ್ ವಿ2 ಬಲಗೈಗೆಂದೇ ರೂಪಿಸಿದ ದೇಹವುಳ್ಳದ್ದು. 82 ಗ್ರಾಂ ತೂಗುವ ಅದು ಮಧ್ಯಮ ಮತ್ತು ದೊಡ್ಡ ಕೈಗಳಿಗೆ ಆಟ ಕೆಲಸ ಎರಡರಲ್ಲಿಯೂ ಸಮಾಧಾನ ಕೊಡುತ್ತದೆ. ಲಾಜಿಟೆಕ್ ಜಿ304 ಚಿಕ್ಕ ಕೈಗಳಿಗೆ ಒಗ್ಗುವಂಥದು, ತಂತಿಯಿಲ್ಲದ್ದು. ಒಳಗಿನ ಎಎ ಬ್ಯಾಟರಿಯಿಂದ ಹಿಂಭಾಗ ಭಾರವೆನಿಸುವುದು ಅದರ ನ್ಯೂನತೆ.

ಇವನ್ನೆಲ್ಲ ಕೂಡಿಸಿ ನೋಡಿದರೆ ನನ್ನ ನಿರ್ಣಯವು ಸ್ಪಷ್ಟ. ಕಚೇರಿಗೆಂದು ಮಾಡಿದ ಭಾರವಾದ ಮೌಸು ಆಟದಲ್ಲಿ ಸೋಲುತ್ತದೆ. ಆಟಕ್ಕೆಂದು ಮಾಡಿದ, ಅಲಂಕಾರವಿಲ್ಲದ, ನೂರು ಗ್ರಾಮಿನೊಳಗಿನ, ಕೈಗೆ ಸರಿಹೊಂದುವ ಮೌಸು ಕಚೇರಿಯಲ್ಲಿಯೂ ಗೆಲ್ಲುತ್ತದೆ. ಎರಡಕ್ಕೂ ಒಂದನ್ನೇ ಬಯಸುವವರು ಈ ಎರಡನೆಯ ವರ್ಗದಲ್ಲಿಯೇ ಹುಡುಕುವುದು ಲೇಸು. ಪಾದರಕ್ಷೆಯನ್ನು ಮೆಟ್ಟಿ ನೋಡದೆ ಯಾರೂ ಕೊಳ್ಳುವುದಿಲ್ಲ. ಮೌಸಿಗೂ ಅದೇ ನಿಯಮ ಸಲ್ಲಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಂಪ್ಯೂಟರ್ ಪೇಟೆಗಳಲ್ಲಿ ವರ್ತಕರು ಒಂದೊಂದು ಮಾದರಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಗ್ರಾಹಕನು ಹತ್ತು ನಿಮಿಷ ಹಿಡಿದು ನೋಡಲು ಎಡೆಮಾಡಿಕೊಟ್ಟರೆ ಅದು ಯಾವ ರಿಯಾಯಿತಿಗಿಂತಲೂ ದೊಡ್ಡ ಉಪಕಾರ. ಆ ಅನುಕೂಲವಿಲ್ಲದೆಡೆ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಕೈಯ ಉದ್ದವನ್ನೂ ಅಂಗೈಯ ಅಗಲವನ್ನೂ ಅಳೆದುಕೊಂಡು, ಮೌಸಿನ ಅಳತೆಗಳೊಡನೆ ಹೋಲಿಸಿಯೇ ಹಣ ಕೊಡಬೇಕು. ಹಿಂದಿರುಗಿಸುವ ಅವಕಾಶವಿರುವ ಅಂಗಡಿಯನ್ನೇ ಆರಿಸಬೇಕು. ವರ್ಷಗಟ್ಟಲೆ ದುಡಿಯಬೇಕಾದ ಕೈಗೆ ಇಷ್ಟು ಗೌರವ ಸಲ್ಲಲೇಬೇಕು.