‘ಹೊಡ್ದಿಲ್ಲ, ಕೈ ಮಾಡ್ಯಾನ’

ಒಂದು ವರ್ಷ ಮಹಿಳಾ ದಿನಕ್ಕೆ ಆಫೀಸಿನಲ್ಲಿ ಪ್ರೆಸೆಂಟೇಶನ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಡೇಟಾ ಟೀಮಿನವನು, ಜೊತೆಗೆ ಕನ್ನಡದವನು, ಇನ್ನೇನು ಬೇಕು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕರ್ನಾಟಕದ ಫ್ಯಾಕ್ಟ್ ಶೀಟ್ ಇಳಿಸಿಕೊಂಡೆ. ಒಂದು ಸಾಲು ಕಣ್ಣಿಗೆ ಹೊಡೆಯಿತು. ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಯಾವಾಗಲಾದರೂ ಹಿಂಸೆ ಅನುಭವಿಸಿದವರು: 2015-16ರ ನಾಲ್ಕನೇ ಸುತ್ತಿನಲ್ಲಿ ಶೇ 20.6, 2019ರ ಐದನೇ ಸುತ್ತಿನಲ್ಲಿ ಶೇ 44.4. ಬಿಹಾರವನ್ನೂ ಹಿಂದೆ ಹಾಕಿದ್ದೇವೆ, ಅಲ್ಲಿ ಶೇ 40. ನಾನು ಒಂದು ಕೆಂಪು ಬಾಣ ಹಾಕಿದೆ, ‘ಡಬಲ್’ ಅಂತ ಬರೆದೆ. ಚಪ್ಪಾಳೆ ಬಿತ್ತು.

ಟೆಸ್ಟಿಂಗ್ ಟೀಮಿನ ಗೆಳತಿಯೊಬ್ಬಳು ಮಾತ್ರ ಕೈ ಎತ್ತಿದಳು. ‘ಬಗ್ ಕೌಂಟ್ ಒಮ್ಮೆಲೇ ಡಬಲ್ ಆದರೆ ಕೋಡ್ ಕೆಟ್ಟಿದೆ ಅಂತ ಹೇಳ್ತೀಯಾ, ಇಲ್ಲ ಟೆಸ್ಟಿಂಗ್ ಸುಧಾರಿಸಿದೆ ಅಂತಲಾ?’ ನಾನು ಲಾಕ್‌ಡೌನ್ ಅಂದೆ. ತಪ್ಪು. ಫ್ಯಾಕ್ಟ್ ಶೀಟ್ ಹೊರಬಂದದ್ದು 2020ರ ಡಿಸೆಂಬರ್‌ನಲ್ಲಿ, ಆದರೆ ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ಕೇಳಿದ್ದು 2019ರಲ್ಲಿ. ಆಗ ಕೊರೋನಾ ಹೆಸರನ್ನೇ ಯಾರೂ ಕೇಳಿರಲಿಲ್ಲ.

ಆ ರಾತ್ರಿ ಕೂತು ಸಾಲನ್ನು ಮತ್ತೆ ಓದಿದೆ. ಅದರಲ್ಲಿರುವ ಪದ ‘ಯಾವಾಗಲಾದರೂ’. ಕಳೆದ ವರ್ಷದ ಲೆಕ್ಕವಲ್ಲ, ಮದುವೆಯಾದಾಗಿನಿಂದ ಇವತ್ತಿನವರೆಗಿನ ಲೆಕ್ಕ. ಇಂಥ ಕೌಂಟರ್ ನಿಧಾನ ಏರಬೇಕು. 2015ರಲ್ಲಿ ನೂರು ಹೆಂಗಸರಲ್ಲಿ 21 ಜನ ಹೌದು ಅಂದರು, 79 ಜನ ಇಲ್ಲ ಅಂದರು ಅಂತಿಟ್ಟುಕೊಳ್ಳಿ. ನಾಲ್ಕು ವರ್ಷದಲ್ಲಿ 44 ಆಗಬೇಕಾದರೆ ಇಲ್ಲ ಅಂದ 79 ಜನರಲ್ಲಿ 23 ಮಂದಿ ಅಷ್ಟರೊಳಗೆ ಮೊದಲ ಸಲ ಏಟು ತಿಂದಿರಬೇಕು. ಹೊಸದಾಗಿ ಮದುವೆಯಾದವರು, 49 ದಾಟಿದವರು ಅಂತ ಲೆಕ್ಕ ಸ್ವಲ್ಪ ಅತ್ತಿತ್ತ ಆಗಬಹುದು. ಆದರೂ ಇದು ನಂಬುವಂಥದ್ದಲ್ಲ. ಎರಡು ಸುತ್ತುಗಳಲ್ಲಿ ಒಂದು ಸರಿಯಾಗಿ ಅಳೆದಿಲ್ಲ. ಫ್ಯಾಕ್ಟ್ ಶೀಟಿನಲ್ಲಿ ಆ ಎರಡು ಅಂಕಿಗಳು ಅಕ್ಕಪಕ್ಕ ತಣ್ಣಗೆ ಕೂತಿವೆ. ಹಿಂದೆ ಮುಂದೆ ವಿವರಣೆಯ ಒಂದು ಸಾಲಿಲ್ಲ. ನನ್ನ ಮೊದಲ ತಕರಾರು ಇದೇ.

ಯಾವ ಸುತ್ತು ಸುಳ್ಳು ಅನ್ನುವ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಮುಂದೆ ಯುಗಾದಿಗೆ ಊರಿಗೆ ಹೋದೆ. ನಮ್ಮದು ಕಮಲಾಪುರದ ಹತ್ತಿರದ ಹಳ್ಳಿ, ಕೆಂಪು ಬಾಳೆಹಣ್ಣಿನ ಸೀಮೆ. ಅವ್ವ, ಚಿಕ್ಕಮ್ಮ, ಕಾಕಾ ಎಲ್ಲರನ್ನೂ ಕರಕೊಂಡು ಕಲಬುರಗಿಗೆ ಬಂದು ಸೂಪರ್ ಮಾರ್ಕೆಟ್‌ನಲ್ಲಿ ಸಂತಿ ಮಾಡ್ಲತ್ತಿದ್ವಿ. ಕಾಕಾ ಹಣ್ಣಿನ ಗಾಡಿ ಕಡೆ ಹೋದ. ಬಳೆ ಅಂಗಡಿ ಮುಂದೆ ನಿಂತು ನಾನು ದೊಡ್ಡ ಸಂಶೋಧಕನ ಥರ ಚಿಕ್ಕಮ್ಮನಿಗೆ ಕೇಳೇಬಿಟ್ಟೆ: ‘ಕಾಕಾ ನಿನಗ ಎಂದರೆ ಹೊಡ್ದಾನೇನು?’

‘ಹೇ, ಅಂವ ಹೊಡ್ದಿಲ್ಲಪ್ಪ. ಸಿಟ್ಟು ಬಂದಾಗ ಒಂದೆರಡ ಸಲ ಕೈ ಮಾಡ್ಯಾನ, ಅಷ್ಟೇ.’

ನಾನು ಇನ್ನೇನೋ ಕೇಳುವಷ್ಟರಲ್ಲಿ ಕಾಕಾ ಬಾಳೆಹಣ್ಣು ಹಿಡಕೊಂಡು ಬಂದ. ಚಿಕ್ಕಮ್ಮ ಕ್ಷಣ ತಡ ಮಾಡಲಿಲ್ಲ. ‘ಡಜನಿಗೆ ಎಷ್ಟ್ ಹೇಳ್ಲತ್ಯಾನ ನೋಡು’ ಅಂತ ಬಳೆ ಕಡೆ ತಿರುಗಿದಳು.

ಈ ಎರಡು ನಿಮಿಷದಲ್ಲಿ ನಾನು ಕಲಿತದ್ದು ಫ್ಯಾಕ್ಟ್ ಶೀಟಿನಲ್ಲಿ ಇರಲಿಲ್ಲ. ‘ಹೊಡೆದಿದ್ದಾನಾ’ ಅಂತ ಕೇಳಿದರೆ ಚಿಕ್ಕಮ್ಮ ‘ಇಲ್ಲ’ದ ಖಾನೆಗೆ ಹೋಗುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ನಮ್ಮ ಕಡೆ ಹೊಡ್ಯಾದಂದ್ರ ರಕ್ತ ಬರಂಗ, ಬಾಸುಂಡೆ ಏಳಂಗ. ಅದಕ್ಕಿಂತ ಕೆಳಗಿನದು ‘ಕೈ ಮಾಡೂದು’. ‘ದೌರ್ಜನ್ಯ’ ಅಂದರಂತೂ ಅದು ಪೇಪರಿನ ಮಾತು, ಬೇರೆಯವರ ಮನೆಯದು. ಇದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ಹೇಳದೆ ಹೊರಗೆ ಹೋದದ್ದು, ಅಡುಗೆ ಸರಿ ಮಾಡದ್ದು, ಎದುರು ಮಾತಾಡಿದ್ದು, ಅತ್ತೆಮಾವರಿಗೆ ಮರ್ಯಾದೆ ಕೊಡದ್ದು, ಹೀಗೆ ಏಳು ಕಾರಣ ಓದಿ, ಇವುಗಳಲ್ಲಿ ಗಂಡ ಹೊಡೆಯುವುದು ಸರಿಯಾ ಅಂತ ಕೇಳುತ್ತಾರೆ. ಒಂದಕ್ಕಾದರೂ ಸರಿ ಅಂದ ಹೆಂಗಸರು ಕರ್ನಾಟಕದಲ್ಲಿ ಶೇ 76.9, ಗಂಡಸರು ಶೇ 81.9. ಸರಿ ಅನ್ನಿಸಿದ್ದನ್ನು ಯಾರು ಹಿಂಸೆ ಅಂತ ಲೆಕ್ಕಕ್ಕೆ ಕೊಡುತ್ತಾರೆ?

ಸಮೀಕ್ಷೆ ರೂಪಿಸಿದವರಿಗೆ ಇದು ಗೊತ್ತು, ಅದನ್ನು ಒಪ್ಪಲೇಬೇಕು. 1998-99ರ ಎರಡನೇ ಸುತ್ತಿನಲ್ಲಿ ಹೆಚ್ಚುಕಡಿಮೆ ‘ಯಾರಾದರೂ ಹೊಡೆದಿದ್ದಾರಾ’ ಅನ್ನುವ ಒಟ್ಟಾರೆ ಪ್ರಶ್ನೆ ಇತ್ತು. 2005-06ರಿಂದ ಒಂದೊಂದೇ ಕ್ರಿಯೆಯನ್ನು ಬಿಡಿಸಿ ಕೇಳುತ್ತಾರೆ: ನೂಕಿದನಾ, ಕೆನ್ನೆಗೆ ಬಾರಿಸಿದನಾ, ಕೈ ತಿರುಚಿದನಾ, ಕೂದಲು ಎಳೆದನಾ, ಒದ್ದನಾ, ಕುತ್ತಿಗೆ ಹಿಸುಕಿದನಾ. ಚಿಕ್ಕಮ್ಮನಿಗೆ ಹೀಗೆ ಕೇಳಿದ್ದರೆ ಎರಡನೆಯದಕ್ಕೇ ಹೌದು ಅನ್ನುತ್ತಿದ್ದಳು. ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರ ಕೇಳಬೇಕು, ಒಂಟಿಯಾಗಿ ಸಿಕ್ಕರೆ ಮಾತ್ರ ಕೇಳಬೇಕು, ಯಾರಾದರೂ ಬಂದರೆ ಮಾತು ಬದಲಿಸಬೇಕು. ಬಜಾರಿನ ನಡುವೆ, ಅವ್ವನ ಎದುರು ನಾನು ಈ ನಿಯಮಗಳನ್ನೆಲ್ಲ ಮುರಿದೆ. ಮಾತು ಬದಲಿಸುವ ನಿಯಮವನ್ನು ಮಾತ್ರ ಯಾರೂ ಹೇಳಿಕೊಡದೆ ಚಿಕ್ಕಮ್ಮನೇ ಪಾಲಿಸಿದಳು.

ಅಂದಮೇಲೆ ಪ್ರಶ್ನೆಪತ್ರಿಕೆಯಷ್ಟೇ ಮುಖ್ಯ ಕೇಳುವವಳು. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ಹೆಂಗಸರ ಮೇಲಿನ ಹಿಂಸೆಯ ಅಧ್ಯಯನ ನಡೆಸಿದಾಗ ಸರ್ಬಿಯಾದಲ್ಲಿ ಒಂದು ಹೋಲಿಕೆ ನಡೆಯಿತು. ಒಂದು ಕಡೆ ಹೊಸಬರು, ಆದರೆ ಜಾಗ್ರತೆಯಿಂದ ಆರಿಸಿ ವಾರಗಟ್ಟಲೆ ತಯಾರು ಮಾಡಿದವರು. ಇನ್ನೊಂದು ಕಡೆ ಪಳಗಿದ ಸರ್ವೇದಾರರು, ಆದರೆ ಒಂದೇ ದಿನದ ತರಬೇತಿ. ಹಿಂಸೆಯಾಗಿದೆ ಅಂತ ಬಾಯಿಬಿಟ್ಟವರು ಹೊಸಬರ ಹತ್ತಿರ ಶೇ 26, ಪಳಗಿದವರ ಹತ್ತಿರ ಶೇ 21. ಪ್ರಶ್ನೆ ಬದಲಾಗಿರಲಿಲ್ಲ, ದೇಶ ಬದಲಾಗಿರಲಿಲ್ಲ. ಬದಲಾಗಿದ್ದು ಎದುರು ಕೂತವಳು.

ಹಾಗಾಗಿ ನಮ್ಮ 44.4ರ ಅರ್ಥ ‘ಕನ್ನಡಿಗರು ಕೆಟ್ಟುಹೋದರು’ ಅಂತಲೇ ಆಗಬೇಕಿಲ್ಲ. 2019ರಲ್ಲಿ ಯಾರೋ ಚೆನ್ನಾಗಿ ಕೇಳಿರಬಹುದು, 2015ರಲ್ಲಿ ಯಾರೋ ಹೊಸ್ತಿಲಲ್ಲಿ ನಿಂತು ಅವಸರದಲ್ಲಿ ಟಿಕ್ ಹಾಕಿರಬಹುದು. ಅಥವಾ ಉಲ್ಟಾ. ನಿಜವಾಗಿಯೂ ಸ್ವಲ್ಪ ಹೆಚ್ಚಿರಲೂಬಹುದು. ಇದನ್ನು ತೀರ್ಮಾನಿಸುವ ಇನ್ನೊಂದು ಅಳತೆ ನಮ್ಮ ಹತ್ತಿರ ಇರಬೇಕಿತ್ತು.

ಪೊಲೀಸ್ ಅಂಕಿ ಆ ಅಳತೆಯಾಗಲಾರದು. ಎನ್‌ಸಿಆರ್‌ಬಿ ಒಂದು ಎಫ್‌ಐಆರ್‌ನಲ್ಲಿ ಎಷ್ಟೇ ಅಪರಾಧ ಇದ್ದರೂ ಹೆಚ್ಚು ಶಿಕ್ಷೆಯ ಒಂದನ್ನೇ ಎಣಿಸುತ್ತದೆ. ವರದಕ್ಷಿಣೆ ಸಾವು ಇದ್ದರೆ, ಅದಕ್ಕೂ ಮುಂಚಿನ ವರ್ಷಗಳ ಕ್ರೌರ್ಯ ಲೆಕ್ಕದಿಂದ ಮಾಯ. ಅದೂ ಸ್ಟೇಷನ್ ಮೆಟ್ಟಿಲು ಹತ್ತಿದವರದ್ದು. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರದೋ ಸಹಾಯ ಕೇಳಿದವರೇ ಶೇ 14, ಅದರಲ್ಲಿ ಹೆಚ್ಚಿನವರು ಹೋದದ್ದು ತವರಿನ ಕಡೆ.

ಇನ್ನು ಕಲಬುರಗಿ. ನಮ್ಮ ಜಿಲ್ಲೆಯ ಫ್ಯಾಕ್ಟ್ ಶೀಟ್ ತೆಗೆದು ನೋಡಿದೆ. ರಕ್ತಹೀನತೆ ಇದೆ, ಶೌಚಾಲಯ ಇದೆ, ಅಡುಗೆ ಇಂಧನ ಇದೆ. ಗಂಡನ ಹಿಂಸೆಯ ಸಾಲೇ ಇಲ್ಲ. ಆ ಪ್ರಶ್ನೆಗಳನ್ನು ಆಯ್ದ ಮನೆಗಳಲ್ಲಿ ಶೇ 15ರಷ್ಟರಲ್ಲಿ ಮಾತ್ರ ಕೇಳುವುದರಿಂದ ಜಿಲ್ಲೆಗೆ ಅಂಕಿ ಕೊಡುವಷ್ಟು ಜನ ಸಿಗುವುದಿಲ್ಲ. ತಾಂತ್ರಿಕವಾಗಿ ಸರಿಯಾದ ಕಾರಣವೇ. ಪರಿಣಾಮ ಏನೆಂದರೆ ನಾನು ಬೆಂಗಳೂರಲ್ಲಿ ಹಾಕಿದ ಕೆಂಪು ಬಾಣದ ಕೆಳಗೆ ಕಲಬುರಗಿ, ಮಂಗಳೂರು, ಕೊಡಗು ಎಲ್ಲ ಒಂದೇ. ಸಾಂತ್ವನ ಕೇಂದ್ರ ಎಲ್ಲಿ ಬೇಕು, ಎಷ್ಟು ಬೇಕು ಅಂತ ಯೋಜನೆ ಮಾಡುವ ಅಧಿಕಾರಿ ಅಂದಾಜಿನ ಮೇಲೆ ಮಾಡಬೇಕು.

ಈ ಅಳತೆಯನ್ನು ಮುಂಬೈಯ ಸಂಸ್ಥೆಯೊಂದೇ ಮಾಡಿಕೊಡಲಿ ಅಂತ ಕಾಯುವುದೇಕೆ? 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ, 2009ರಿಂದ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಇದೆ. ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ ಸಾವಿರಾರು ಕೋಟಿ ಬರುತ್ತದೆ. ರಸ್ತೆ, ಕಟ್ಟಡ ಬೇಕು, ಬೇಡ ಅನ್ನಲ್ಲ. ಆದರೆ ಐವತ್ತು ಹುಡುಗಿಯರನ್ನು ಆರಿಸಿ, ಮೂರು ವಾರ ಸರಿಯಾಗಿ ತಯಾರು ಮಾಡಿ, ನಿಯಮಿತ ಸಂಬಳ ಕೊಟ್ಟು ಇಟ್ಟುಕೊಳ್ಳುವುದಕ್ಕೆ ಒಂದು ಸಣ್ಣ ರಸ್ತೆಯ ದುಡ್ಡು ಸಾಕು. ಅವರಿಗೆ ಕಮಲಾಪುರದ ತಾಂಡಾಗಳಲ್ಲಿ ಲಂಬಾಣಿ ಬರಬೇಕು, ಕಲಬುರಗಿಯ ಓಣಿಗಳಲ್ಲಿ ದಖನಿ ಬರಬೇಕು, ‘ಕೈ ಮಾಡೂದು’ ಅಂದರೇನು ಅಂತ ಯಾರೂ ವಿವರಿಸಬೇಕಾಗಬಾರದು. ಕೇಳಿದ ಮೇಲೆ ಎಲ್ಲಿಗೆ ಕಳಿಸಬೇಕು ಅನ್ನುವ ವಿಳಾಸ ಅವರ ಕೈಯಲ್ಲಿರಬೇಕು. ದಿನಕ್ಕೆ ನಾಲ್ಕು ಮನೆಯ ಇಂಥ ಕಥೆ ಕೇಳಿ ಬರುವ ಹುಡುಗಿಯ ಜೊತೆ ಸಂಜೆ ಕೂತು ಮಾತಾಡುವವರೂ ಬೇಕು. ಸಂಶೋಧನೆಯ ಸಾಮರ್ಥ್ಯ ಅಂದರೆ ನನಗೀಗ ಅರ್ಥವಾಗುವುದು ಇಷ್ಟು. ಸರ್ವರ್, ಡ್ಯಾಶ್‌ಬೋರ್ಡ್ ಆಮೇಲೆ. ಅದನ್ನು ನಾವು ಮಾಡಿಕೊಡುತ್ತೇವೆ, ನಮಗೆ ಬರುವುದೇ ಅದು.

ಸ್ಲೈಡ್ ತಿದ್ದಿದೆ. ಬಾಣ ತೆಗೆದೆ, ಎರಡೂ ಅಂಕಿ ಇಟ್ಟು ನಡುವೆ ‘ಯಾರು ಕೇಳಿದರು, ಹೇಗೆ ಕೇಳಿದರು?’ ಅಂತ ಬರೆದೆ.

ಅವತ್ತು ಸೂಪರ್ ಮಾರ್ಕೆಟ್‌ನಿಂದ ಕಮಲಾಪುರದವರೆಗೆ ಚಿಕ್ಕಮ್ಮ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಮೆಲ್ಲಗೆ ಅಂದಳು: ‘ಅಕಿಗಿ ಅಲ್ಲಿ ಕೇಳಬಾರದಿತ್ತು. ಕೇಳೂದಿದ್ರ ನನಗ ಕೇಳಬೇಕಿತ್ತು.’

ಅವ್ವನಿಗೆ ನಾನು ಇನ್ನೂ ಕೇಳಿಲ್ಲ.