ಹಿಡಿದರೆ ಸಾಲದು, ಬಿಡಲೂ ಬೇಕು

ನಮ್ಮ ಭೌತವಿಜ್ಞಾನದ ಲೆಕ್ಕಗಳಲ್ಲಿ ಹಗ್ಗಕ್ಕೆ ತೂಕವಿಲ್ಲ, ರಾಟೆಗೆ ಘರ್ಷಣೆಯಿಲ್ಲ. ಲೆಕ್ಕ ಸುಲಭವಾಗುತ್ತದೆ, ನಿಜ. ಆದರೆ ಘರ್ಷಣೆಯೇ ಇಲ್ಲದಿದ್ದರೆ ಹಾಯಿದೋಣಿಯ ಹಾಯಿ ಕಂಬದ ಮೇಲೆ ನಿಲ್ಲುವುದೇ ಇಲ್ಲ.

ಹಾಯಿಯನ್ನು ಏರಿಸಿ ಇಳಿಸುವ ಹಗ್ಗಕ್ಕೆ ಹ್ಯಾಲ್ಯಾರ್ಡ್ ಎಂದು ಹೆಸರು. ಏರಿಸಿದ ಮೇಲೆ ಅದನ್ನು ಕಂಬದ ಬುಡದಲ್ಲಿ ಹಿಡಿದಿಡುವ ಸಾಧನವೇ ಕ್ಲೀಟ್. ‘ಗಟ್ಟಿಯಾಗಿ ಹಿಡಿಯುವ ಕ್ಲೀಟನ್ನು ಆರಿಸಿ’ ಎಂಬುದು ರೂಢಿಯ ಸಲಹೆ. ಇದು ಅರ್ಧ ಸತ್ಯ ಮಾತ್ರ. 1962ರಲ್ಲಿ ಬ್ರಿಟನ್ನಿನಲ್ಲಿ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ, ಸುಮಾರು 3.3 ಮೀಟರ್ ಉದ್ದದ ಮಿರರ್ ದೋಣಿಯನ್ನು ನೆನೆಯಿರಿ. ಇಬ್ಬರು ಕೂರುವ ಇಂಥ ಪುಟ್ಟ ದೋಣಿಯಲ್ಲಿ ಗಾಳಿ ಒಮ್ಮೆಲೇ ಜೋರಾದಾಗ ಹಾಯಿ ಇಳಿಯದಿದ್ದರೆ ದೋಣಿ ಮಗುಚಬಹುದು. ಆದ್ದರಿಂದ ಕ್ಲೀಟಿನ ನಿಜವಾದ ಪರೀಕ್ಷೆ ಅದು ಹೇಗೆ ಬಿಡುತ್ತದೆ ಎಂಬುದು.

ಎರಡು ಕೊಂಬಿನ ಹಳೆಯ ಕ್ಲೀಟ್ ನೋಡಲು ಸಾಧಾರಣ. ಅದರ ಬಲವಿರುವುದು ಹಗ್ಗದ ಸುತ್ತುಗಳಲ್ಲಿ. ಆಯ್ಲರ್–ಐಟೆಲ್ವೈನ್ ಸೂತ್ರದಂತೆ, ಸುತ್ತಿದ ಕೋನ ಹೆಚ್ಚಿದಂತೆ ಹಿಡಿತ ಘಾತೀಯವಾಗಿ ಏರುತ್ತದೆ. ಘರ್ಷಣಾ ಗುಣಾಂಕ 0.25 ಎಂದುಕೊಂಡರೆ ಒಂದು ಪೂರ್ಣ ಸುತ್ತಿಗೆ ಎರಡು ತುದಿಗಳ ಎಳೆತದ ಅನುಪಾತ 4.8, ಮೂರು ಸುತ್ತಿಗೆ 111. ಅಂದರೆ 600 ನ್ಯೂಟನ್ ಎಳೆತವನ್ನು ತಡೆಯಲು ಕೇವಲ 5.4 ನ್ಯೂಟನ್ ಸಾಕು! ಆದರೆ ಡೈನೀಮಾದಂಥ ನುಣುಪು ನೂಲಿನ ಹಗ್ಗದಲ್ಲಿ ಗುಣಾಂಕ 0.1ಕ್ಕೆ ಇಳಿಯಿತೆನ್ನಿ, ಅದೇ ಮೂರು ಸುತ್ತಿನ ಅನುಪಾತ 6.6 ಮಾತ್ರ, ಬೇಕಾಗುವ ಬಲ 91 ನ್ಯೂಟನ್. ಹಗ್ಗವನ್ನು ಗಣಿಸದೆ ಕ್ಲೀಟನ್ನು ಮಾತ್ರ ಹೊಗಳುವುದು ತಪ್ಪೆಂಬುದಕ್ಕೆ ಈ ಎರಡು ಸಂಖ್ಯೆಗಳೇ ಸಾಕ್ಷಿ. ಸುತ್ತುಗಳು ಸಾಲದಿದ್ದಾಗ ಭಾರವೆಲ್ಲ ಕೊನೆಯ ಗಂಟಿನ ಮೇಲೆ ಬಿದ್ದು ಅದು ಬಿಗಿದುಕೊಳ್ಳುತ್ತದೆ. ಅಲ್ಲಿ ದೋಷ ಕಟ್ಟಿದವರದು, ಕ್ಲೀಟಿನದಲ್ಲ.

ಕ್ಯಾಮ್ ಕ್ಲೀಟಿನಲ್ಲಿ ಸ್ಪ್ರಿಂಗ್ ಹೊಂದಿದ ಎರಡು ಹಲ್ಲುಗಾಲಿಗಳು ಹಗ್ಗವನ್ನು ಕಚ್ಚುತ್ತವೆ. ಅದು ಚುರುಕಾದ ಸಾಧನವೇ. ಆದರೆ ಬಿಡಿಸಬೇಕಾದರೆ ಇರುವ ಎಳೆತಕ್ಕಿಂತ ತುಸು ಹೆಚ್ಚು ಎಳೆದು ಹಗ್ಗವನ್ನು ಎತ್ತಬೇಕು. ಮತ್ತೆ ಮತ್ತೆ ಸಡಿಲಿಸುವ ಹಗ್ಗಕ್ಕೆ ಅದು ತಕ್ಕದ್ದು; ಗಂಟೆಗಟ್ಟಲೆ ಭಾರ ಹೊರುವ ಹ್ಯಾಲ್ಯಾರ್ಡಿಗೆ ಅಷ್ಟಾಗಿ ಹೊಂದದು. ಇಂಗ್ಲಿಷಿನ ‘ವಿ’ ಆಕಾರದ ಗಾಡಿಯಿರುವ ಕ್ಲೀಟಿನಲ್ಲಿ ಚಲಿಸುವ ಭಾಗಗಳಿಲ್ಲ. ಎಳೆತ ಹೆಚ್ಚಿದಷ್ಟೂ ಹಗ್ಗ ಆಳಕ್ಕಿಳಿಯುತ್ತದೆ. ಆದರೆ ಹಗ್ಗದ ದಪ್ಪ ಗಾಡಿಗೆ ಸರಿಹೊಂದದಿದ್ದರೆ ಹಿಡಿತವೂ ಇಲ್ಲ, ಬಿಡುಗಡೆಯೂ ಇಲ್ಲ.

ಕೊಂಬಿನ ಕ್ಲೀಟನ್ನಾದರೋ ಭಾರವಿರುವಾಗಲೇ ಸುತ್ತು ಸುತ್ತಾಗಿ ಬಿಚ್ಚಿ, ಹಗ್ಗವನ್ನು ಕೈಯ ಹತೋಟಿಯಲ್ಲಿಟ್ಟುಕೊಂಡೇ ಸಡಿಲಿಸಬಹುದು. ಆದ್ದರಿಂದ ಪುಟ್ಟ ದೋಣಿಗೆ ನನ್ನ ಮತ ಅದಕ್ಕೇ.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಅಡ್ಡಲಾಗಿ ಬಿಗಿದ ನುಣುಪಾದ ಕೊಳವೆಗೆ ಹಗ್ಗ ಸುತ್ತಿ, ಒಂದು ತುದಿಗೆ ನೀರಿನ ಬಕೆಟ್, ಇನ್ನೊಂದಕ್ಕೆ ಸಣ್ಣ ತೂಕ ಕಟ್ಟಿ. ಒಂದೊಂದೇ ಸುತ್ತು ಬಿಚ್ಚುತ್ತ ಹೋದಾಗ ಬಕೆಟ್ ಯಾವಾಗ ಜಾರುತ್ತದೆಂದು ವಿದ್ಯಾರ್ಥಿಗಳೇ ಮೊದಲು ಲೆಕ್ಕ ಹಾಕಲಿ. ಘರ್ಷಣೆಯನ್ನು ಶೂನ್ಯವೆಂದು ಭಾವಿಸುವ ಮೊದಲು ಅದು ಏನೇನು ಹೊತ್ತು ನಿಂತಿದೆ ಎಂಬುದು ಅವರಿಗೆ ತಿಳಿದಿರಬೇಕು.